ಚಂದಾ, ಮೌನ ಮತ್ತು ಸಮ್ಮತಿ

‘ಚಂದಾ’ ಎಂಬುದು ಪಾರಸಿಯಿಂದ ಬಂದು ಕನ್ನಡದಲ್ಲಿ ನೆಲೆಯೂರಿದ ಪದ. ಮಾಸಪತ್ರಿಕೆಗಳ ಚಂದಾ ಪದ್ಧತಿಯಲ್ಲಿ ಒಂದು ನಿಯಮವು ಅಡಗಿದ್ದಿತು. ವರ್ಷ ಮುಗಿದಾಗ ಚಂದಾದಾರನು ಮನಿಯಾರ್ಡರು ಕಳುಹಿಸಿದರೆ ಪತ್ರಿಕೆ ಬರುವುದು, ಸುಮ್ಮನಿದ್ದರೆ ನಿಲ್ಲುವುದು. ಅಲ್ಲಿ ಮೌನವೆಂದರೆ ನಿರಾಕರಣೆ. ಇಂದಿನ ಅಂತರ್ಜಾಲ ವ್ಯವಹಾರದಲ್ಲಿ ಆ ನಿಯಮವು ತಲೆಕೆಳಗಾಗಿದೆ. ಒಮ್ಮೆ ಒಪ್ಪಿಗೆಯಿತ್ತವನ ಖಾತೆಯಿಂದ ತಿಂಗಳು ತಿಂಗಳೂ ಹಣವು ತಾನಾಗಿಯೇ ಕಡಿತವಾಗುತ್ತದೆ. ‘ಮೌನಂ ಸಮ್ಮತಿಲಕ್ಷಣಂ’ ಎಂಬ ಲೋಕೋಕ್ತಿಯು ವ್ಯಾಪಾರದ ಸೂತ್ರವೇ ಆಗಿಬಿಟ್ಟಿದೆ.

ಈ ಏರ್ಪಾಡು ಸೌಕರ್ಯಕ್ಕಾಗಿ ಇರುವಷ್ಟು ಕಾಲ ದೋಷವಲ್ಲ. ಸೇರುವುದು ಸುಲಭವಾಗಿ, ಬಿಡುವುದು ದುಸ್ಸಾಧ್ಯವಾದಾಗ ಅದು ವಂಚನೆಯಾಗುತ್ತದೆ. ತಿಂಗಳಿಗೆ 200 ರೂಪಾಯಿ ಅಲ್ಪವೆಂದು ತೋರಬಹುದು. ವರ್ಷಕ್ಕೆ ಅದು 2,400 ರೂಪಾಯಿ. ನಿವೃತ್ತಿ ವೇತನದಲ್ಲಿ ಬಾಳುವ ವೃದ್ಧರಿಗೆ ಅದು ಔಷಧದ ಹಣ.

ಭಾರತದಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆಯು ಮೊದಲು 1986ರಲ್ಲಿ ರಚಿತವಾಯಿತು. ಅದರ ಸ್ಥಾನದಲ್ಲಿ 2019ರ ಕಾಯಿದೆಯು 2020ರ ಜುಲೈ ತಿಂಗಳಲ್ಲಿ ಜಾರಿಗೆ ಬಂದಿತು. ಅದರ ಅನ್ವಯ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಸ್ಥಾಪಿತವಾಯಿತು. ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಗಳು ‘ಡಾರ್ಕ್ ಪ್ಯಾಟರ್ನ್’ ಎನಿಸಿಕೊಳ್ಳುವ 13 ಬಗೆಯ ವಂಚಕ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿವೆ. ‘ಚಂದಾ ಬಲೆ’ಯು ಅವುಗಳಲ್ಲೊಂದು.

ಅದರ ಲಕ್ಷಣಗಳು ನಾಲ್ಕು. ಚಂದಾ ರದ್ದತಿಯನ್ನು ಅಸಾಧ್ಯವಾಗಿಯೋ ಜಟಿಲವೂ ದೀರ್ಘವೂ ಆಗಿಯೋ ಮಾಡುವುದು ಮೊದಲನೆಯದು. ರದ್ದುಪಡಿಸುವ ಅವಕಾಶವನ್ನು ಮರೆಮಾಡುವುದು ಎರಡನೆಯದು. ಉಚಿತ ಚಂದಾಕ್ಕೂ ಹಣಪಾವತಿಯ ವಿವರವನ್ನೋ ಸ್ವಯಂ ಕಡಿತದ ಅನುಮತಿಯನ್ನೋ ಬಲವಂತವಾಗಿ ಪಡೆಯುವುದು ಮೂರನೆಯದು. ರದ್ದತಿಯ ಸೂಚನೆಗಳನ್ನು ಸಂದಿಗ್ಧವಾಗಿ ಬರೆಯುವುದು ನಾಲ್ಕನೆಯದು. ನಿರಾಕರಿಸುವವನನ್ನು ನಾಚಿಸುವ ಮಾತುಗಳನ್ನು ಹೂಡುವುದೂ ಆ ಹದಿಮೂರರಲ್ಲಿ ಬೇರೊಂದು ದೋಷವಾಗಿ ಎಣಿಕೆಯಾಗಿದೆ. ಭಾಷೆಯ ದುರ್ಬಳಕೆಯೂ ಕಾನೂನಿನ ಕಣ್ಣಿಗೆ ಅಪರಾಧವಾದುದು ಭಾಷಾಧ್ಯಾಪಕರು ಗಮನಿಸತಕ್ಕ ಸಂಗತಿ.

ಇದಲ್ಲದೆ, ಕಾರ್ಡು ಮೊದಲಾದವುಗಳ ಮೂಲಕ ಪದೇ ಪದೇ ಆಗುವ ಸ್ವಯಂ ಕಡಿತಗಳಿಗೆ ರಿಸರ್ವ್ ಬ್ಯಾಂಕು ನಿಯಮಗಳನ್ನು ವಿಧಿಸಿದ್ದು, ಅವು 2021ರ ಅಕ್ಟೋಬರ್ 1ರಿಂದ ಪೂರ್ಣವಾಗಿ ಅನ್ವಯವಾದುವು. ಅವುಗಳ ಪ್ರಕಾರ ಸಾಮಾನ್ಯವಾಗಿ ಹಣ ಕಡಿತಕ್ಕೆ 24 ಗಂಟೆಗಳಾದರೂ ಮುಂಚಿತವಾಗಿ ಗ್ರಾಹಕನಿಗೆ ಸೂಚನೆ ತಲುಪಬೇಕು. ಆ ಕಡಿತವನ್ನಾಗಲಿ ಅನುಮತಿಯನ್ನೇ ಆಗಲಿ ಹಿಂತೆಗೆದುಕೊಳ್ಳಲು ಅವಕಾಶವಿರಬೇಕು. ಮೊಬೈಲಿಗೆ ಬರುವ ಆ ಕಿರುಸಂದೇಶವನ್ನು ಓದದೆ ಅಳಿಸುವವನು ತನ್ನ ಹಕ್ಕನ್ನೇ ಅಳಿಸಿದಂತೆ.

ಅನ್ಯಾಯವಾದಾಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರನ್ನೂ ಸಲ್ಲಿಸಬಹುದು. 2019ರ ಕಾಯಿದೆಯಂತೆ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದಾದುದರಿಂದ, ದೂರದ ನಗರದ ಸಂಸ್ಥೆಯನ್ನೂ ಹಳ್ಳಿಯ ಗ್ರಾಹಕನು ಪ್ರಶ್ನಿಸಬಲ್ಲನು. ಕಾಲಮಿತಿ ಸಾಮಾನ್ಯವಾಗಿ 2 ವರ್ಷ. ಒಪ್ಪಂದದ ಪ್ರತಿ, ರದ್ದತಿ ಕೋರಿದ ದಿನಾಂಕ, ಹಣ ಕಡಿತದ ದಾಖಲೆ ಇವುಗಳನ್ನು ಜೋಪಾನವಾಗಿಡುವುದು ಅವಶ್ಯ.

ಶರಣರು ವ್ಯಾಪಾರವನ್ನೂ ಕಾಯಕವೆಂದೇ ಎಣಿಸಿದರು. ಕಾಯಕಕ್ಕೆ ನುಡಿ ನಡೆಗಳ ಐಕ್ಯವೇ ಜೀವಾಳ. ಸೇರಿಸಿಕೊಳ್ಳುವಾಗ ಆಡಿದ ನುಡಿಯು ಬಿಟ್ಟುಕೊಡುವಾಗಲೂ ನಡೆಯಾಗಿ ಉಳಿಯಬೇಕು. ವ್ಯಾಪಾರಿಗೆ ಈ ವಿವೇಕವನ್ನೂ ಗ್ರಾಹಕನಿಗೆ ಓದಿ ಒಪ್ಪುವ ಎಚ್ಚರವನ್ನೂ ಕಲಿಸುವುದು ಶಾಲೆಗಳ ಹೊಣೆ.