ಅಣಕದಲ್ಲೂ ಕಂಠ ಕೇಳಿಸಿಕೋ

ಕೆಲಸಕ್ಕೆ ಸೇರಿ ಇನ್ನೂ ಮೊದಲ ಕಿರುಪರೀಕ್ಷೆಯೂ ಮುಗಿದಿಲ್ಲ, ಆಗಲೇ ‘ಈ ಹುಡುಗರು ಉದ್ಧಾರವಾಗಲ್ಲ’ ಅಂತ ತೀರ್ಪು ಕೊಟ್ಟುಬಿಟ್ಟೆಯಲ್ಲ ಮಗೂ! ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ನೀನು ಪಾಠ ಚೆನ್ನಾಗಿ ಮಾಡುತ್ತೀ, ಅದರಲ್ಲಿ ನನಗೆ ಸಂಶಯವೇ ಇಲ್ಲ. ನಿನಗೆ ಕಡಿಮೆ ಇರುವುದು ತಾಳ್ಮೆಯೊಂದೇ. ಭಾನುವಾರ ಬಿಡುವು ಮಾಡಿಕೊಂಡು ಒಂದು ಫ್ರೆಂಚ್ ಸಿನಿಮಾ ನೋಡು. ‘ಲೆ ಕೊರಿಸ್ತ್’ ಅಂತ, 2004ರದ್ದು. ಕ್ರಿಸ್ತೋಫ್ ಬರಾತಿಯೆ ನಿರ್ದೇಶನ. ಇಂಗ್ಲಿಷಿನಲ್ಲಿ ‘ದಿ ಕೋರಸ್’ ಅಂತ ಹುಡುಕಿದರೆ ಸಿಗುತ್ತದೆ.

ಕಥೆ ನಡೆಯುವುದು 1949ರಲ್ಲಿ. ಯುದ್ಧ ಮುಗಿದಿದೆ. ಹೆತ್ತವರನ್ನು ಕಳೆದುಕೊಂಡವರು, ಮನೆಯವರ ಮಾತು ಕೇಳದವರು, ಇಂಥ ಹುಡುಗರನ್ನು ತಂದು ಬಿಟ್ಟಿರುವ ಒಂದು ವಸತಿ ಶಾಲೆ. ಅಲ್ಲಿಗೆ ಮೇಲ್ವಿಚಾರಕನಾಗಿ ಬರುವವನು ಕ್ಲೆಮಾನ್ ಮಾತ್ಯೂ. ಬೋಳು ತಲೆ, ದುಂಡು ಮೈ, ಸಂಗೀತದಲ್ಲಿ ಮೇಲೆ ಬರಲಾಗದೆ ಸೋತವನು. ಹೆಡ್‌ಮಾಸ್ಟರ್ ರಾಶಾನ್‌ಗೆ ಗೊತ್ತಿರುವುದು ದಂಡಂ ದಶಗುಣಂ ಒಂದೇ.

ರಾತ್ರಿ ಹುಡುಗರು ಮಾತ್ಯೂನ ಬೋಳು ತಲೆಯ ಮೇಲೆ ಹಾಡು ಕಟ್ಟಿ ಹಾಡುತ್ತಾರೆ. ನೀನಾಗಿದ್ದರೆ ಏನು ಮಾಡುತ್ತಿದ್ದೆ? ‘ಯಾರು ಹಾಡಿದ್ದು, ಎದ್ದು ನಿಲ್ಲಿ’ ಅನ್ನುತ್ತಿದ್ದೆ. ನಿನ್ನ ಮೂಗಿನ ತುದಿಯ ಕೋಪ ನನಗೆ ಗೊತ್ತಿಲ್ಲವೇ! ಮಾತ್ಯೂ ಕಿವಿಗೊಟ್ಟು ಕೇಳುತ್ತಾನೆ. ಶ್ರುತಿ ತಪ್ಪಿದೆ, ಆದರೂ ಹಾಡುತ್ತಿದ್ದಾರೆ. ಇವರದೇ ಒಂದು ಗಾಯನ ಮೇಳ ಕಟ್ಟಿದರೆ ಹೇಗೆ ಅನ್ನುವ ಯೋಚನೆ ಹುಟ್ಟುವುದೇ ಅಲ್ಲಿ.

ಆಮೇಲೆ ಒಬ್ಬೊಬ್ಬರ ಕಂಠವನ್ನೂ ಪರೀಕ್ಷಿಸುತ್ತಾನೆ. ಆ ಭಾಗವನ್ನು ಎರಡು ಸಲ ನೋಡು. ಕೊರ್ಬಾನ್‌ಗೆ ಹಾಡುವುದಕ್ಕೇ ಬರುವುದಿಲ್ಲ. ಸರಿ, ಸ್ವರಲಿಪಿಯ ಹಾಳೆ ಹಿಡಿದು ಎದುರಿಗೆ ನಿಲ್ಲುವ ಕೆಲಸ ಅವನಿಗೆ. ಪುಟಾಣಿ ಪೆಪಿನೊಗೆ ಒಂದು ಹಾಡೂ ಗೊತ್ತಿಲ್ಲ. ಅವನು ಮೇಷ್ಟರ ಸಹಾಯಕ! ಯಾರೂ ಹೊರಗೆ ಉಳಿಯುವಂತಿಲ್ಲ. ನಾನೂ ಕಂಡಿದ್ದೇನೆ, ದಿನಾ ತಡವಾಗಿ ಬರುವವನ ಕೈಗೆ ಶಾಲೆಯ ಗಂಟೆ ಹೊಡೆಯುವ ಕೆಲಸ ಕೊಟ್ಟರೆ ಅವನೇ ಎಲ್ಲರಿಗಿಂತ ಮೊದಲು ಬಂದು ಗೇಟಿನ ಹತ್ತಿರ ನಿಂತಿರುತ್ತಾನೆ.

ಹಾಗಂತ ಮುದ್ದು ಮಾಡಿ ಕೆಡಿಸು ಅನ್ನುತ್ತಿಲ್ಲ. ಲೆ ಕೆರೆಕ್ ಎಂಬ ಹುಡುಗನ ಕಿತಾಪತಿಯಿಂದ ಶಾಲೆಯ ಆಳು, ವಯಸ್ಸಾದ ಮ್ಯಾಕ್ಸಾನ್ಸ್, ಗಾಯಗೊಳ್ಳುತ್ತಾನೆ. ಮಾತ್ಯೂ ಹುಡುಗನನ್ನು ರಾಶಾನ್ ಕೈಗೆ ಒಪ್ಪಿಸುವುದಿಲ್ಲ, ಆ ಮುದುಕನ ಆರೈಕೆಗೇ ಹಚ್ಚುತ್ತಾನೆ. ತಾನು ಮಾಡಿದ ಗಾಯವನ್ನು ತಾನೇ ಕಣ್ಣಾರೆ ನೋಡಬೇಕು. ನೀನು ನೂರು ಸಲ ಇಂಪೊಸಿಷನ್ ಬರೆಸಿದರೆ ನೋಯುವುದು ಬೆರಳು ಮಾತ್ರ. ಮೊರಾಂಜ್ ಎಂಬ ಹುಡುಗನದು ಮೇಳದ ಅತ್ಯುತ್ತಮ ಕಂಠ. ಅವನು ಮೇಷ್ಟರ ತಲೆಯ ಮೇಲೆ ಶಾಯಿ ಸುರಿದಾಗ ಮೇಳ ಅವನಿಲ್ಲದೆಯೇ ನಡೆಯುತ್ತದೆ. ಆದರೆ ಗಣ್ಯರೆದುರು ಹಾಡುವ ದಿನ ಮಾತ್ಯೂ ಮೂಲೆಯಲ್ಲಿ ನಿಂತವನ ಕಡೆ ಕೈ ಚಾಚುತ್ತಾನೆ. ಹುಡುಗ ಹಾಡುತ್ತಾನೆ. ಶಿಕ್ಷೆಗೆ ಹೀಗೊಂದು ಕೊನೆಯ ದಿನ ಇರಬೇಕು ಮಗೂ. ನಿನ್ನ ಶಿಕ್ಷೆಗಳಿಗೆ ಅದಿಲ್ಲ.

ಒಂದು ಎಚ್ಚರಿಕೆ. ಮೊರಾಂಜ್ ಪಾತ್ರದ ಹುಡುಗ ಜಾನ್-ಬಾತಿಸ್ತ್ ಮೋನಿಯೆ ನಿಜಕ್ಕೂ ಲಿಯೋನ್ ನಗರದ ಸೇಂ-ಮಾರ್ಕ್ ಮಕ್ಕಳ ಗಾಯನ ಮೇಳದಲ್ಲಿ ಪಳಗಿದವನು. ಸಿನಿಮಾದಲ್ಲಿ ನಾಲ್ಕು ದೃಶ್ಯ ಕಳೆಯುವಷ್ಟರಲ್ಲಿ ಕೇಳಿಸುವ ಆ ಇಂಪಿನ ಹಿಂದೆ ವರ್ಷಗಳ ಅಭ್ಯಾಸವಿದೆ. ನಿನ್ನ ಎಂಟನೇ ತರಗತಿಯಿಂದ ಮುಂದಿನ ಸೋಮವಾರಕ್ಕೇ ಅದನ್ನು ಕೇಳಬೇಡ.

ಇನ್ನು ಮೊಂದಾನ್ ಎಂಬ ಹುಡುಗ. ಮಾಡದ ಕಳ್ಳತನವನ್ನು ಅವನ ತಲೆಗೆ ಕಟ್ಟುತ್ತಾರೆ, ಹೊಡೆಯುತ್ತಾರೆ, ಪೊಲೀಸರಿಗೆ ಕೊಡುತ್ತಾರೆ. ಕದ್ದವನು ಅದೇ ಕೊರ್ಬಾನ್. ಮೊಂದಾನ್ ಮರಳಿ ಬಂದು ಶಾಲೆಗೆ ಬೆಂಕಿ ಇಡುತ್ತಾನೆ. ಮಾತ್ಯೂನಂಥವನಿಗೂ ಒಬ್ಬ ಹುಡುಗ ಕೈತಪ್ಪಿದ. ನಿನಗೂ ತಪ್ಪುತ್ತಾರೆ. ಆ ದಿನ ಮನೆಗೆ ಬಂದು ಅಳು, ಮಾರನೆಯ ದಿನ ಉಳಿದವರಿಗಾಗಿ ಹೋಗು. ಮಾತ್ಯೂಗೆ ಕೊನೆಗೆ ಸಿಕ್ಕಿದ್ದು ಹಾರ ತುರಾಯಿಯಲ್ಲ, ಕೆಲಸವೇ ಹೋಯಿತು.

ಕೊನೇ ಬೆಂಚಿನವನೊಬ್ಬ ನಿನ್ನ ನಡಿಗೆ, ದನಿ ಎರಡನ್ನೂ ಅಣಕಿಸುತ್ತಾನೆ ಅಂದೆಯಲ್ಲ, ಎಲ್ಲರೂ ಬಿದ್ದು ಬಿದ್ದು ನಗುತ್ತಾರಂತಲ್ಲ? ಅವನ ಅಪ್ಪನನ್ನು ಕರೆಸುವ ಚೀಟಿ ಹರಿದುಹಾಕು. ಶಾಲಾ ವಾರ್ಷಿಕೋತ್ಸವದ ನಾಟಕದ ಪಟ್ಟಿಯಲ್ಲಿ ಮೊದಲು ಅವನ ಹೆಸರು ಬರೆ.