ಅತಿಥಿಯಾಗಿ ಹೊರಟ ಮಗಳಿಗೆ

ಹೊಸಪೇಟೆ



ದೀಪಾವಳಿ ಮುಗಿಯುತ್ತಲೇ ಸಂಡೂರಿನ ಗೆಳತಿಯ ಜೊತೆ ಬೆನ್ನಿಗೊಂದು ಬ್ಯಾಗು ಹಾಕಿಕೊಂಡು ಕರಾವಳಿ, ಘಟ್ಟದ ಕಾಡು, ಮೈಸೂರು, ಬೆಂಗಳೂರು ಸುತ್ತಲು ಹೊರಟಿದ್ದೀಯಂತೆ. ಕಂಪ್ಲಿಯಿಂದ ನಿಮ್ಮಪ್ಪ ಫೋನ್ ಮಾಡಿ, "ಅಣ್ಣಾ, ನೀನಾದರೂ ಬುದ್ಧಿ ಹೇಳು" ಎಂದ. ಹೇಳುತ್ತೇನೆ, ಆದರೆ ಹೋಗಬೇಡ ಎನ್ನಲಿಕ್ಕಲ್ಲ. ನಿನ್ನ ಹಾಗೆ ಹೊರಟ ಬೇರೆ ಮಕ್ಕಳಿಗೂ ಉಪಯೋಗಕ್ಕೆ ಬಂದೀತೆಂದು ಈ ಕಾಗದವನ್ನು ಪತ್ರಿಕೆಗೂ ಕೊಡುತ್ತಿದ್ದೇನೆ.

ಬ್ಯಾಕ್‌ಪ್ಯಾಕರ್ ಎಂದರೆ ಯಾರೆಂದು ನಿನಗೆ ಯಾರೂ ಹೇಳಿಕೊಡಬೇಕಿಲ್ಲ. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬೆನ್ನಿಗೆ ಬ್ಯಾಗು ಹೊತ್ತು ಅಲ್ಲಿಗೆ ಬರುವವರನ್ನು ನೋಡುತ್ತಲೇ ಬೆಳೆದವಳು ನೀನು. ಹರಿಗೋಲಿನವನ ಹೆಸರು ಕೇಳಿ ತಿಳಿದುಕೊಂಡು ಹೋದವರನ್ನು ನಮ್ಮ ಜನ ಇಂದಿಗೂ ನೆನೆಯುತ್ತಾರೆ. ಹತ್ತು ರೂಪಾಯಿಗೆ ಆಟೋದವನ ಜೊತೆ ಜಗಳ ಕಾದವರು ಹೊರಟರೆ ಸಾಕೆನ್ನುತ್ತಾರೆ. 2019ರಲ್ಲಿ ನಾಲ್ವರು ಹುಡುಗರು ಹಂಪಿಯಲ್ಲಿ ಕಲ್ಲುಕಂಬ ಕೆಡವಿದ್ದರ ವಿಡಿಯೊ ಎಲ್ಲೆಡೆ ಹರಿದಾಡಿತಲ್ಲ, ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿ ಕಂಬವನ್ನು ಅವರಿಂದಲೇ ಎತ್ತಿ ನಿಲ್ಲಿಸಿತು. ಅವರ ಪಾಲಿಗೆ ಹಂಪಿ ಯಾರದೋ ಊರಾಗಿತ್ತು. ಗೋಕರ್ಣಕ್ಕೆ, ಕುದುರೆಮುಖಕ್ಕೆ ನೀನೂ ಹೊರಗಿನವಳೇ. ಅತಿಥಿಗಳನ್ನು ಕಂಡುಂಡ ಊರಿನ ಮಗಳಾಗಿ ಅಲ್ಲಿ ನಡೆದುಕೋ.

ಹೋಗುವುದಕ್ಕೆ ವಾಸ್ಕೋ ಕಡೆಯ ಅಮರಾವತಿ ಎಕ್ಸ್‌ಪ್ರೆಸ್ ಇದೆ. ಹೊಸಪೇಟೆಯಲ್ಲಿ ಹತ್ತಿದರೆ ಹುಬ್ಬಳ್ಳಿ, ಕ್ಯಾಸಲ್‌ರಾಕ್ ದಾಟಿ ಘಟ್ಟ ಇಳಿಯುತ್ತದೆ. ದೂಧ್‌ಸಾಗರವನ್ನು ಕಿಟಕಿಯಿಂದಲೇ ನೋಡು. 2023ರ ಮಳೆಗಾಲದಲ್ಲಿ ಹಳಿಯ ಮೇಲೆ ನಡೆದು ಹೊರಟವರಿಗೆ ಪೊಲೀಸರು ಬಸ್ಕಿ ಹೊಡೆಸಿದ್ದರು. ಮಡಗಾಂವ್‌ನಿಂದ ಕೊಂಕಣ ರೈಲು ಹಿಡಿದರೆ ಕಾರವಾರ, ಅಂಕೋಲಾ, ಗೋಕರ್ಣ. ಆಧಾರ್ ಕಾರ್ಡ್ ಕೈಗೆ ಸಿಗುವಂತಿರಲಿ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ನಿಮಗೆ ಟಿಕೆಟ್ ದುಡ್ಡಿಲ್ಲ. ಉಡುಪಿ, ಮಂಗಳೂರಿನ ಕಡೆ ಖಾಸಗಿ ಬಸ್ಸುಗಳದೇ ದರ್ಬಾರು, ಅಲ್ಲಿ ಚಿಲ್ಲರೆ ಬೇಕು. ಹೊಸ ಊರಿಗೆ ಹೊತ್ತು ಮುಳುಗುವ ಮೊದಲೇ ತಲುಪುವಂತೆ ನೋಡಿಕೊಳ್ಳಿ.

ನಮ್ಮ ಸಾಣಾಪುರದ ಬಳಿ ಬಂಡೆಯಿಂದ ಹೊಳೆಗೆ ಜಿಗಿದು ಜೀವ ಕಳೆದುಕೊಂಡವರ ಸುದ್ದಿ ನಿನಗೆ ಗೊತ್ತೇ ಇದೆ. ಸುಳಿ ಎಲ್ಲಿದೆ ಎಂಬುದು ಹರಿಗೋಲಿನವರಿಗೆ ಗೊತ್ತಿರುತ್ತದೆ, ಜಿಗಿಯುವವರು ಅವರನ್ನು ಕೇಳಿರುವುದಿಲ್ಲ. ಕಡಲಿನಲ್ಲಿ ಆ ತಿಳಿವಳಿಕೆ ಮೀನುಗಾರರದ್ದು. ಕುಡ್ಲೆಯಿಂದ ಓಂ, ಹಾಫ್‌ಮೂನ್, ಪ್ಯಾರಡೈಸ್ ಬೀಚ್‌ವರೆಗೆ ಗುಡ್ಡದ ಕಾಲುದಾರಿಯಲ್ಲಿ ಬೇಕಾದಷ್ಟು ನಡೆ, ನೀರಿಗೆ ಇಳಿಯುವ ಮೊದಲು ಮಾತ್ರ ಅವರನ್ನು ಕೇಳು. ಅಲೆ ಒಡೆಯದೆ ಶಾಂತವಾಗಿ ಕಾಣುವ ಪಟ್ಟಿಯಲ್ಲೇ ನೀರು ಒಳಕ್ಕೆ ಎಳೆಯುವುದು ಹೆಚ್ಚು. ಸಿಕ್ಕಿಬಿದ್ದರೆ ನೇರ ದಡಕ್ಕೆ ಈಜಿ ಸುಸ್ತಾಗಬೇಡ. ದಡದ ಉದ್ದಕ್ಕೇ ಪಕ್ಕಕ್ಕೆ ಈಜು, ಸೆಳೆತ ತಪ್ಪಿದ ಮೇಲೆ ದಡದ ಕಡೆ ತಿರುಗು. ಚಳಿಗಾಲದಲ್ಲಿ ಹೊನ್ನಾವರದ ಕಾಸರಕೋಡಿನ ಮರಳಿಗೆ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ರಾತ್ರಿ ಅಲ್ಲಿ ಟಾರ್ಚ್ ಬಿಡಬಾರದು.

ಅಂಕೋಲಾ ತಾಲ್ಲೂಕಿನ ಬೇಲೆಕೇರಿ ಬಂದರನ್ನು ಇಬ್ಬರೂ ತಪ್ಪದೇ ನೋಡಿ. ನಿನ್ನ ಗೆಳತಿಯ ಊರಿನ ಸುತ್ತಲ ಗುಡ್ಡಗಳಿಂದ ಅಗೆದ ಅದಿರು ಲಾರಿಗಳಲ್ಲಿ ಘಟ್ಟ ಇಳಿದು ಹಡಗು ಹತ್ತುತ್ತಿದ್ದುದು ಅಲ್ಲಿ. 2010ರಲ್ಲಿ, ಜಪ್ತಿ ಮಾಡಿಟ್ಟ ಅದಿರೇ ಆ ಬಂದರಿನಿಂದ ಮಾಯವಾಗಿತ್ತು. ಮರುವರ್ಷ ಲೋಕಾಯುಕ್ತರ ವರದಿ ಬಂತು, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಅಲ್ಲಿಂದ ಕುದುರೆಮುಖಕ್ಕೆ ಹೋದರೆ ಅದೇ ಕಥೆಯ ಇನ್ನೊಂದು ಅಧ್ಯಾಯ. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ ಆ ಕಾಡಿನಲ್ಲಿ ಕಬ್ಬಿಣದ ಅದಿರಿನ ಗಣಿ 2005ರ ಕೊನೆಯವರೆಗೂ ನಡೆಯಿತು. ಪುಡಿ ಮಾಡಿದ ಅದಿರನ್ನು ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇರುವುದು ಅದೇ ಕಾಡಿನಲ್ಲಿ. ನೇತ್ರಾವತಿ ಪಡುವಣಕ್ಕೆ ಇಳಿದು ಮಂಗಳೂರಿನಲ್ಲಿ ಕಡಲು ಸೇರುತ್ತದೆ. ತುಂಗೆ, ಭದ್ರೆ ಕೂಡಲಿಯಲ್ಲಿ ಒಂದಾಗಿ, ನಮ್ಮ ಡ್ಯಾಮು ತುಂಬಿ, ಕಂಪ್ಲಿಯ ಗದ್ದೆಗೆ ಬರುತ್ತವೆ. ಅಲ್ಲಿನ ತೊರೆಗೆ ನೀನು ಎಸೆಯುವ ಬಿಸ್ಕತ್ತಿನ ಕವರು ನಿಮ್ಮಪ್ಪನ ಭತ್ತದ ನೀರಿಗೇ ಬಿದ್ದಂತೆ.

ಕಾಡಿನ ಶಿಸ್ತು ನಿನಗೆ 1994ರಲ್ಲಿ ಆದ ನಮ್ಮ ದರೋಜಿಯ ಕರಡಿಧಾಮದಿಂದಲೇ ಗೊತ್ತು. ಸಂಜೆ ಕರಡಿಗಳು ಬಂಡೆಗೆ ಬರುವಾಗ ನಾವು ದೂರದ ಗೋಪುರದಲ್ಲಿ ಬಾಯಿ ಮುಚ್ಚಿ ಕೂರುತ್ತೇವೆ. ನಾಗರಹೊಳೆ, ಬಂಡೀಪುರದಲ್ಲೂ ಅದೇ ಶಿಸ್ತು. ಹುಲಿ ಕಾಡಿನಲ್ಲಿ ಮನಬಂದಂತೆ ನಡೆಯುವುದು, ಟೆಂಟು ಹಾಕುವುದು ಇಲ್ಲ, ಇಲಾಖೆ ಸಫಾರಿ ಬಿಟ್ಟಿದ್ದರೆ ಅದೊಂದೇ ಗತಿ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ, ಬಸ್ಸಿನ ಲೆಕ್ಕ ಹಾಕುವಾಗ ನೆನಪಿರಲಿ. ಕುದುರೆಮುಖದ ಚಾರಣಕ್ಕೆ ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಬೇಕು.

ನಗರಗಳ ಬಗ್ಗೆ ನನಗಿಂತ ನಿನಗೇ ಹೆಚ್ಚು ಗೊತ್ತು. ಒಂದು ನೋಟ್‌ಬುಕ್ ಮಾತ್ರ ಇಟ್ಟುಕೋ. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಮಂಗಳೂರಿನ ಕಡೆಯಿಂದ ಘಟ್ಟ ಹತ್ತಿ ವಿಜಯನಗರಕ್ಕೆ ಬಂದ. ನೀನು ಹೋಗುವ ದಿಕ್ಕಿನಿಂದಲೇ ಬಂದವನು. ಪೇಟೆಯಲ್ಲಿ ಗುಲಾಬಿ ಮಾರುವುದನ್ನೂ ಬಿಡದೆ ಬರೆದ. 1520ರ ಸುಮಾರಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಕೋಳಿಯ ದರವನ್ನೂ ಬರೆದಿಟ್ಟ. ಹಂಪಿಯ ಬಜಾರಿನಲ್ಲಿ ಏನೇನು ಬಿಕರಿಯಾಗುತ್ತಿತ್ತೆಂದು ಇಂದು ನಾವು ಹೇಳುವುದು ಇಂಥವರ ಬರಹ ಹಿಡಿದು. ನೀನೂ ಬಂಗುಡೆಯ ಬೆಲೆ, ಬಲೆ ಹೆಣೆಯುವವರ ಕೂಲಿ, ಮೈಸೂರಿನ ಮಾರುಕಟ್ಟೆಯ ವೀಳ್ಯದೆಲೆಯ ದರ ಬರೆದುಕೊಂಡು ಬಾ. ಮನಸ್ಸಿಗೆ ಏನನ್ನಿಸಿತು ಎಂಬುದನ್ನು ಆಮೇಲೂ ಬರೆಯಬಹುದು.

ಬ್ಯಾಗು ಹಗುರವಿರಲಿ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಕೆಡುವುದಿಲ್ಲ, ನಿಮ್ಮವ್ವ ಕಟ್ಟಿಕೊಟ್ಟರೆ ಬೇಡ ಎನ್ನಬೇಡ. ಕಾಡಿಗೆ ಹೋಗುವವರು ಗೇಟಿನಲ್ಲಿ ಹೆಸರು, ಊರು, ಫೋನ್ ನಂಬರ್ ಬರೆಯುತ್ತಾರೆ. ಅದನ್ನು ಯಾರೂ ಅನುಮಾನವೆಂದು ತಿಳಿಯುವುದಿಲ್ಲ, ಹೊತ್ತಿಗೆ ಬಾರದಿದ್ದರೆ ಹುಡುಕಲು ಬೇಕಾಗುತ್ತದೆ. ಮನೆಯಲ್ಲೂ ಹಾಗೊಂದು ಹಾಳೆ ಬರೆದಿಡು: ಯಾವ ದಿನ ಯಾವ ಊರು, ಎಲ್ಲಿ ವಾಸ, ಗೆಳತಿಯ ನಂಬರ್ ಯಾವುದು. ದಾರಿ ಬದಲಾದರೆ ಅಂದೇ ತಿಳಿಸು. ಆ ಹಾಳೆ ನಿಮ್ಮಪ್ಪನ ಕೈ ಸೇರಿದ ದಿನ ಅವನನ್ನು ಒಪ್ಪಿಸುವ ಹೊಣೆ ನನ್ನದು.

ಇಂತಿ ನಿನ್ನ
ದೊಡ್ಡಪ್ಪ