ಹುದೈಬಿಯಾದಲ್ಲಿ ಕಣ್ಣಿಗೆ ಬೀಳದವರು



ಹುದೈಬಿಯಾ ಒಪ್ಪಂದದ ವಿಷಯ ನೀವು ಮದ್ರಸದಲ್ಲೇ ಕೇಳಿರುತ್ತೀರಿ. ಹಿಜರಿ 6ರಲ್ಲಿ ಪ್ರವಾದಿ(ಸ)ರು ಸುಮಾರು 1,400 ಸಹಾಬಿಗಳೊಂದಿಗೆ ಉಮ್ರಾಕ್ಕೆ ಹೊರಟರು. ಮಕ್ಕಾದ ಹೊಸ್ತಿಲಲ್ಲೇ ಕುರೈಶರು ತಡೆದರು. ಕೊನೆಗೆ ಒಪ್ಪಂದವಾಯಿತು. ಹತ್ತು ವರ್ಷ ಯುದ್ಧವಿಲ್ಲ. ಈ ವರ್ಷ ಉಮ್ರಾ ಇಲ್ಲ. ಮಕ್ಕಾದಿಂದ ಮನೆಯವರ ಅನುಮತಿಯಿಲ್ಲದೆ ಮದೀನಕ್ಕೆ ಬಂದವರನ್ನು ಮರಳಿಸಬೇಕು. ಮದೀನದಿಂದ ಅತ್ತ ಹೋದವರನ್ನು ಅವರು ಮರಳಿಸುವುದಿಲ್ಲ. ಕಾಗದದಲ್ಲಿದ್ದ 'ಅಲ್ಲಾಹನ ಸಂದೇಶವಾಹಕ' ಎಂಬ ಮಾತನ್ನೂ ಅಳಿಸಬೇಕಾಯಿತು. ಅಷ್ಟರಲ್ಲಿ ಅಬೂ ಜಂದಲ್(ರ) ಕಾಲಿನ ಸಂಕೋಲೆಯೊಂದಿಗೇ ಬಂದು ಸೇರಿದರು, ಅವರನ್ನೂ ಮರಳಿಸಲಾಯಿತು. ಉಮರ್(ರ)ರಂಥವರಿಗೇ ಅದು ನುಂಗಲಾರದ ತುತ್ತಾಗಿತ್ತು.

ಇದನ್ನು ನಾವು ಸಾಮಾನ್ಯವಾಗಿ ಸಹನೆಯ ಪಾಠವಾಗಿ ಹೇಳುತ್ತೇವೆ. ಆದರೆ ಸೂರಃ ಅಲ್‌ಫತ್‌ಹ್‌ನ 25ನೇ ಸೂಕ್ತ ಇನ್ನೊಂದು ಕಾರಣವನ್ನೂ ತಿಳಿಸುತ್ತದೆ. ಮಕ್ಕಾದೊಳಗೆ ವಿಶ್ವಾಸವನ್ನು ಗುಟ್ಟಾಗಿಟ್ಟು ಬದುಕುತ್ತಿದ್ದ ಸ್ತ್ರೀಪುರುಷರಿದ್ದರು. ಹೊರಗೆ ನಿಂತವರಿಗೆ ಅವರು ಯಾರೆಂದು ಗೊತ್ತಿರಲಿಲ್ಲ. ಅಂದು ಕತ್ತಿ ಹೊರಬಿದ್ದಿದ್ದರೆ ತಿಳಿಯದೆಯೇ ಅವರನ್ನು ತುಳಿದುಬಿಡುವ ಅಪಾಯವಿತ್ತು.

ಮುಂದಿನದ್ದು ನಿಮಗೆ ಗೊತ್ತು. ಮಕ್ಕಾದಿಂದ ತಪ್ಪಿಸಿಕೊಂಡ ಅಬೂ ಬಸೀರ್(ರ) ಮತ್ತು ಸಂಗಡಿಗರು ಕಡಲ ತೀರದ ವ್ಯಾಪಾರ ಮಾರ್ಗದಲ್ಲಿ ಬೀಡುಬಿಟ್ಟಾಗ, ಅವರನ್ನು ಮದೀನಕ್ಕೆ ಕರೆಸಿಕೊಳ್ಳಿ ಎಂದು ಕುರೈಶರೇ ಬೇಡಿಕೊಂಡರು. ಮುಸ್ಲಿಮರಿಗೆ ಅತ್ಯಂತ ನಷ್ಟವೆಂದು ಕಂಡಿದ್ದ ಷರತ್ತೇ ಹೀಗೆ ಬಿದ್ದುಹೋಯಿತು. ಎರಡೇ ವರ್ಷಗಳಲ್ಲಿ ಹತ್ತು ಸಾವಿರ ಜನ ಮಕ್ಕಾ ಪ್ರವೇಶಿಸಿದರು.

ಈಗ ನಿಮ್ಮ ಸೈಟಿಗೆ ಬನ್ನಿ. ಉಪವಾಸ, ಬಿಸಿಲು, ಅದರ ಮೇಲೆ ಫೋರ್‌ಮನ್‌ನ ಬೈಗುಳ. 'ಸಾಕು, ಹೋಗ್ತೇನೆ' ಎಂದು ಹೆಲ್ಮೆಟ್ ಎಸೆದು ಹೊರಡಲು ಒಂದು ನಿಮಿಷ ಸಾಕು. ಆದರೆ ಸೌದಿಯಲ್ಲಿ ಕೆಲಸ ಬಿಟ್ಟು ಓಡಿಹೋದನೆಂದು 'ಹುರೂಬ್' ಬಿದ್ದರೆ ಇಕಾಮಾ ಕೈಬಿಟ್ಟು ಗಡಿಪಾರಿನವರೆಗೂ ಹೋಗಬಹುದು. ಆ ನಿಮಿಷದಲ್ಲಿ ಫೋರ್‌ಮನ್ ಮಾತ್ರ ಕಣ್ಣಿಗೆ ಕಾಣುತ್ತಾನೆ. ತಾಯಿಯ ಔಷಧ, ತಂಗಿಯ ಕಾಲೇಜು ಫೀಸು, ವೀಸಾಕ್ಕೆಂದು ಸಾಲ ಕೊಟ್ಟ ಭಾವ ಕಾಣುವುದಿಲ್ಲ. ಅವರೂ ಮಕ್ಕಾದೊಳಗಿದ್ದವರಂತೆಯೇ.

ಹಾಗೆಂದು ಅನ್ಯಾಯಕ್ಕೆ ಬಾಯಿ ಮುಚ್ಚಿಕೊಂಡಿರಿ ಎಂದು ಯಾರೂ ಹೇಳಬಾರದು. ಹುದೈಬಿಯಾದಲ್ಲಿ ನಡೆದದ್ದು ಶರಣಾಗತಿಯಲ್ಲ, ಲಿಖಿತ ಒಪ್ಪಂದ. ಸೌದಿ ಕಾರ್ಮಿಕ ಕಾನೂನಿನ 98ನೇ ವಿಧಿಯಂತೆ ರಮಝಾನಿನಲ್ಲಿ ಮುಸ್ಲಿಂ ಕಾರ್ಮಿಕರ ಕೆಲಸ ದಿನಕ್ಕೆ 6 ಗಂಟೆ ಅಥವಾ ವಾರಕ್ಕೆ 36 ಗಂಟೆ ಮೀರುವಂತಿಲ್ಲ. ಮೀರಿದರೆ ದಿನಾಂಕ, ಗಂಟೆ ಬರೆದಿಡಿ. ಕೆಲಸದಲ್ಲಿದ್ದುಕೊಂಡೇ ಕಾರ್ಮಿಕ ಕಚೇರಿಗೆ ದೂರು ಕೊಡಿ.

ಹೆಲ್ಮೆಟ್ ಎಸೆಯುವ ಮೊದಲು ಮನೆಗೊಂದು ಫೋನ್ ಮಾಡಿ. ಅಂದು ಸಹಾಬಿಗಳು ದುಃಖದಿಂದ ಮೇಲೇಳದೆ ಕುಳಿತಾಗ ಪ್ರವಾದಿ(ಸ)ರು ವಿಷಯ ಹೇಳಿಕೊಂಡದ್ದು ಪತ್ನಿ ಉಮ್ಮು ಸಲಮಾ(ರ)ರಲ್ಲಿ. ದಾರಿ ತೋರಿಸಿದ್ದು ಅವರೇ. ಇನ್ನು, ಕಂಪನಿ ಕೊಟ್ಟ ಕಾಗದ ಅರಬಿಯಲ್ಲಿದ್ದರೆ ತರಾವೀಹ್ ಮುಗಿದ ಮೇಲೆ ಮಸೀದಿಗೆ ತನ್ನಿ. ಓದಿ ಹೇಳುವವರು ಸಿಗುತ್ತಾರೆ. ಅಲ್ಲಿಯವರೆಗೆ ಸಹಿ ಹಾಕಬೇಡಿ.